8,000 ಟನ್ ಉಕ್ಕು ಉಳ್ಳಾಲದವರೆಗೆ ತೇಲಿ ಬಂದದ್ದು ಹೇಗೆ?

2022ರ ಜೂನ್‌ನಲ್ಲಿ ಉಳ್ಳಾಲದ ಆಚೆ ಕಡಲಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು. ಅದರಲ್ಲಿದ್ದ ಸಿರಿಯಾದ 15 ಮಂದಿಯನ್ನು ಕೋಸ್ಟ್ ಗಾರ್ಡಿನವರು ಕಾಪಾಡಿದರು. ಹಡಗಿನ ಹೊಟ್ಟೆಯಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿಗಳಿದ್ದವು. ಚೀನಾದಿಂದ ಲೆಬನಾನಿಗೆ ಹೊರಟ ಮಾಲು. ಆ ದಿನಗಳಲ್ಲಿ ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರೊಬ್ಬರು, "ಅಷ್ಟು ಕಬ್ಬಿಣ ತುಂಬಿಸಿದ್ರೆ ಮುಳುಗದೆ ಇರ್ತದಾ ಮಾರಾಯ್ರೆ?" ಅಂದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.

ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು, ನಾವು ಕೇಳಿದ್ದೇ ಉಲ್ಟಾ. ಅದೇ ಉಕ್ಕು ಅದೇ ಹಡಗಿನಲ್ಲಿ ಚೀನಾದಿಂದ ಇಲ್ಲಿಯವರೆಗೆ ತೇಲಿಕೊಂಡೇ ಬಂದಿತ್ತಲ್ಲ! ಇಲ್ಲಿ ಹೊಸದಾಗಿ ಒಳಗೆ ಬಂದದ್ದು ನೀರು ಮಾತ್ರ. ಗಾಳಿ ಇದ್ದ ಜಾಗದಲ್ಲಿ ನೀರು ಬಂದು ಕೂತಿತು.

ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ ಅಂತ ಯಾರು ಬೇಕಾದರೂ ನಂಬಲಿ, ನಮ್ಮ ಕಡೆಯವರು ನಂಬಬಾರದು. ಯಾಕೆಂದರೆ ನಮ್ಮಲ್ಲಿ ಎಷ್ಟೋ ಜನ ಈಜು ಕಲಿತದ್ದೇ ತೆಂಗಿನಕಾಯಿ ಕಟ್ಟಿಕೊಂಡು. ಸುಲಿಯದ ಎರಡು ಒಣಕಾಯಿ, ಎರಡರ ಸಿಪ್ಪೆಯಿಂದಲೂ ಒಂದೊಂದು ಪಟ್ಟಿ ಎಬ್ಬಿಸಿ ಸೇರಿಸಿ ಗಂಟು ಹಾಕುವುದು, ಅದನ್ನು ಎದೆಯಡಿಗೆ ಕೊಟ್ಟು ಮಾವ ಕೆರೆಗೆ ದೂಡಿ ಬಿಡುವುದು. ಎರಡೂ ಕಾಯಿ ಸೇರಿ ಕೈ ಸೋಲುವಷ್ಟು ಭಾರ. ಆದರೂ ಅವು ನನ್ನನ್ನು ಎತ್ತಿ ಹಿಡಿದವು. ಚಡ್ಡಿ ಜೇಬಿನಿಂದ ಜಾರಿದ ಒಂದು ರೂಪಾಯಿ ನಾಣ್ಯ ಮಾತ್ರ ಸೀದಾ ತಳಕ್ಕೆ.

ನೀರಿಗೆ ನಿಮ್ಮ ತೂಕವೊಂದನ್ನೇ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ನೀವು ಎಷ್ಟು ಜಾಗ ಹಿಡಿದಿರಿ, ಎಷ್ಟು ನೀರನ್ನು ಆಚೆ ತಳ್ಳಿದಿರಿ ಅನ್ನುವುದೂ ಅದಕ್ಕೆ ಬೇಕು. ಆಚೆ ಹೋದ ನೀರು ಎಷ್ಟು ತೂಗುತ್ತದೋ ಅಷ್ಟೇ ಬಲದಲ್ಲಿ ಅದು ನಿಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಕಾಯಿ ಮೂರು ಲೀಟರ್ ನೀರಿನಷ್ಟು ಜಾಗ ಹಿಡಿದು ಒಂದೂವರೆ ಕಿಲೋ ತೂಗಿದರೆ, ಅರ್ಧ ಮುಳುಗಿ ಅಲ್ಲಿಗೇ ನಿಲ್ಲುತ್ತದೆ. ನಾಣ್ಯದಲ್ಲಿ ಆ ಉದಾರತೆ ಇಲ್ಲ, ತಾನು ಹಿಡಿದ ಜಾಗದ ನೀರಿಗಿಂತ ಅದು ಏಳೆಂಟು ಪಟ್ಟು ಭಾರ.

ಇದನ್ನು ಲೆಕ್ಕ ಹಾಕಿ ತೋರಿಸಿದವನು ಕ್ರಿಸ್ತಪೂರ್ವ 3ನೇ ಶತಮಾನದ ಆರ್ಕಿಮಿಡೀಸ್. ತೊಟ್ಟಿಯಿಂದೆದ್ದು ಬತ್ತಲೆ ಓಡಿದ ಕಥೆ ಶಾಲೆಯಲ್ಲಿ ಎಲ್ಲರೂ ಕೇಳಿದ್ದೇವೆ. ಅದನ್ನು ಬರೆದದ್ದು ವಿಟ್ರೂವಿಯಸ್ ಎಂಬ ರೋಮಿನವನು, ಅದೂ ಸುಮಾರು 200 ವರ್ಷ ಕಳೆದ ಮೇಲೆ. ತೇಲುವ ವಸ್ತುಗಳ ಬಗ್ಗೆ ಆರ್ಕಿಮಿಡೀಸ್ ತಾನೇ ಬರೆದ ಪುಸ್ತಕದಲ್ಲಿ ಕಿರೀಟವೂ ಇಲ್ಲ, ಓಟವೂ ಇಲ್ಲ. ಆ ಪುಸ್ತಕದ ಪಾಡು ಇನ್ನೊಂದು ಕಥೆ. ಯಾರೋ ಅದರ ಹಾಳೆಗಳನ್ನು ಕೆರೆದು ಮೇಲೆ ಪ್ರಾರ್ಥನೆ ಬರೆದುಕೊಂಡಿದ್ದರು. ಲ್ಯಾಟಿನ್ ಅನುವಾದ ಮೊದಲೇ ಇತ್ತು, ಗ್ರೀಕ್ ಪಾಠ ಮಾತ್ರ ಆ ಪ್ರಾರ್ಥನೆಗಳ ಅಡಿಯಲ್ಲಿ ಸಿಕ್ಕಿದ್ದು 1906ರಲ್ಲಿ, ಇಸ್ತಾಂಬುಲ್‌ನಲ್ಲಿ.

ಉತ್ತರ ಸಿಕ್ಕಿತ್ತು ಅಂದಮೇಲೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. 1611ರಲ್ಲಿ ಫ್ಲಾರೆನ್ಸ್‌ನಲ್ಲಿ ಗೆಲಿಲಿಯೋ ಮತ್ತು ಅರಿಸ್ಟಾಟಲ್ ಪಕ್ಷದ ವಿದ್ವಾಂಸರು ಐಸ್ ವಿಷಯಕ್ಕೆ ಜಟಾಪಟಿ ಮಾಡಿಕೊಂಡರು. ಐಸ್ ಅಂದರೆ ಗಟ್ಟಿಯಾದ ನೀರು, ಹಾಗಾಗಿ ನೀರಿಗಿಂತ ಭಾರ, ಚಪ್ಪಟೆ ಇರುವುದಕ್ಕೆ ಮಾತ್ರ ತೇಲುತ್ತದೆ ಎಂದು ಆ ವಿದ್ವಾಂಸರ ವಾದ. ಗೆಲಿಲಿಯೋ ಒಪ್ಪಲಿಲ್ಲ. ಐಸ್ ಆಗುವಾಗ ನೀರು ಹಿಗ್ಗುತ್ತದೆ, ಅದಕ್ಕೇ ಹಗುರ, ಯಾವ ಆಕಾರದಲ್ಲಿ ಇದ್ದರೂ ತೇಲುತ್ತದೆ ಎಂದ. ಅವನದ್ದೇ ಸರಿ. ಒಂದು ಲೀಟರ್ ನೀರು ಐಸ್ ಆದರೆ ಸುಮಾರು 1.09 ಲೀಟರಿನಷ್ಟು ಜಾಗ ಹಿಡಿಯುತ್ತದೆ.

ಇದಕ್ಕೆ ಫ್ಲಾರೆನ್ಸಿಗೆ ಹೋಗಬೇಕಿಲ್ಲ, ಗೋಳಿಬಜೆ ಕರಿಯುವ ಬಾಣಲೆ ನೋಡಿದರೆ ಸಾಕು. ಹಿಟ್ಟಿನ ಉಂಡೆ ಎಣ್ಣೆಗಿಂತ ಭಾರ, ಬಿಟ್ಟ ಕೂಡಲೇ ಅಡಿಗೆ ಹೋಗುತ್ತದೆ. ಒಳಗೆ ಹಬೆ, ಸೋಡಾದ ಗುಳ್ಳೆ ಎದ್ದು ಉಬ್ಬುತ್ತದೆ, ಚೊಯ್ ಅನ್ನುತ್ತಾ ಮೇಲೆ ಬರುತ್ತದೆ. ಯಾರೂ ಅದರಿಂದ ಹಿಟ್ಟು ತೆಗೆಯಲಿಲ್ಲ. ಗಾತ್ರ ಬದಲಾಯಿತು, ಅದಕ್ಕೇ ತೇಲಿತು. ಅಡಿಯಲ್ಲೇ ಕೂತದ್ದನ್ನು ತಿನ್ನಬೇಡಿ, ಕಲ್ಲಿನ ಹಾಗೆ ಇರುತ್ತದೆ.

ಆದರೆ ಎದುರು ಪಕ್ಷದವರು ಸುಮ್ನೆ ಬಿಡಲಿಲ್ಲ. ಎಬೊನಿ ಅನ್ನುವ ಕಪ್ಪು ಮರದ ತೆಳು ಚಕ್ಕೆ ತಂದರು. ಆ ಮರ ನೀರಲ್ಲಿ ಮುಳುಗುವ ಜಾತಿ, ಚಕ್ಕೆ ಮಾತ್ರ ಮೇಲೆ ನಿಂತಿತು. ಈಗ ಏನು ಹೇಳುತ್ತೀ ಎಂದರು. ಗೆಲಿಲಿಯೋ ಬಗ್ಗಿ ನೋಡಿದ. ಚಕ್ಕೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಒಂದು ಸಣ್ಣ ತಗ್ಗಿನಲ್ಲಿ ಕೂತಿತ್ತು. ಅದನ್ನು ಮೊದಲು ಒದ್ದೆ ಮಾಡಿ ಬಿಡಿ, ಮುಳುಗುತ್ತದೆ ಎಂದ. 1612ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ, ವಿದ್ವಾಂಸರ ಲ್ಯಾಟಿನ್ ಬಿಟ್ಟು ಊರವರ ಇಟಾಲಿಯನ್‌ನಲ್ಲಿ. ತಗ್ಗು ಅವನ ಕಣ್ಣಿಗೆ ಬಿತ್ತು, ಅದನ್ನು ಹಿಡಿದು ನಿಲ್ಲಿಸುವ ನೀರಿನ ಮೇಲ್ಮೈ ಸೆಳೆತ ಅರ್ಥವಾಗಲು 19ನೇ ಶತಮಾನ ಬರಬೇಕಾಯಿತು. ಒಣ ಸೂಜಿಯನ್ನು ಮೆಲ್ಲಗೆ ಅಡ್ಡ ಮಲಗಿಸಿದರೆ ಅದೂ ಹೀಗೇ ನಿಲ್ಲುತ್ತದೆ.

1787ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಕಬ್ಬಿಣದ ದೋಣಿ ಮಾಡಿ ಸೆವರ್ನ್ ನದಿಗೆ ಬಿಟ್ಟ. ಕಬ್ಬಿಣ ತೇಲುವುದುಂಟಾ ಅಂದವರ ಬಾಯಿ ಮುಚ್ಚಿತು. ಮುಂದೆ ಬಂದದ್ದು ದುರಾಸೆಯ ಕಾಲ. ಮಾಲೀಕರು ಹಡಗಿಗೆ ತುರುಕಿದ್ದೇ ತುರುಕಿದ್ದು, ಮುಳುಗಿದರೆ ವಿಮೆ ಇದೆಯಲ್ಲ. ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಎಂಬ ಸಂಸದ ಇದರ ವಿರುದ್ಧ ಕೂಗಾಡಿ, 1876ರಲ್ಲಿ ಹಡಗಿನ ಮೈಮೇಲೆ ಇದಕ್ಕಿಂತ ಹೆಚ್ಚು ಮುಳುಗಬಾರದು ಎಂದು ತೋರಿಸುವ ಗೆರೆ ಇರಲೇಬೇಕು ಎಂಬ ಕಾನೂನು ತರಿಸಿದ. ತಮಾಷೆ ಅಂದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಮೊದಮೊದಲು ಮಾಲೀಕರಿಗೇ ಬಿಟ್ಟಿದ್ದರು! ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಅದು ಸರಿಹೋದದ್ದು 1890ರ ದಶಕದಲ್ಲಿ.

ಪಣಂಬೂರಿನ ಬಂದರಿಗೆ ಬರುವ ಸರಕು ಹಡಗುಗಳ ಪಕ್ಕೆಯಲ್ಲಿ ಈಗಲೂ ಆ ಗುರುತು ಕಾಣುತ್ತದೆ, ಒಂದಲ್ಲ, ಏಣಿಯ ಹಾಗೆ ನಾಲ್ಕಾರು ಗೆರೆ. ಎಲ್ಲಕ್ಕಿಂತ ಮೇಲಿನದು ಉಷ್ಣವಲಯದ ಸಿಹಿನೀರಿನದು. ಉಪ್ಪುನೀರು ಲೀಟರಿಗೆ 25 ಗ್ರಾಮಿನಷ್ಟು ಜಾಸ್ತಿ ಭಾರ, ಹಾಗಾಗಿ ಜಾಸ್ತಿ ಎತ್ತಿ ಹಿಡಿಯುತ್ತದೆ. ಹೊಳೆಯಲ್ಲಿ ಎರಡು ಮೀಟರ್ ಮುಳುಗಿ ನಿಂತ ದೋಣಿ ಕಡಲಿಗೆ ಹೋದರೆ ಸುಮಾರು ಐದು ಸೆಂಟಿಮೀಟರ್ ಮೇಲೇಳುತ್ತದೆ.

ಮಂಗಳೂರಿನ ಹಳೇ ಬಂದರು ಇರುವುದೇ ಹೊಳೆಯಲ್ಲಿ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ಹೊರುವ ಮಂಜಿಗಳು, ಅಂದರೆ ಮರದ ಸರಕು ಹಡಗುಗಳು, ಅಲ್ಲಿಂದಲೇ ಹೊರಡುತ್ತವೆ. ಏಪ್ರಿಲ್‌ನಲ್ಲಿ ಕಡಲಿನ ಉಪ್ಪು ಹೊಳೆಯೊಳಗೆ ಏರಿ ಬರುತ್ತದೆ, ಜುಲೈಯಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ಸಿಹಿನೀರು ಅದನ್ನು ಹೊರಗೆ ದೂಡುತ್ತದೆ. ಲೆಕ್ಕದ ಪ್ರಕಾರ ದಕ್ಕೆಯಲ್ಲಿ ಕಟ್ಟಿದ ಮೀನುಗಾರಿಕೆ ಬೋಟುಗಳು ಮಳೆಗಾಲದಲ್ಲಿ ಒಂದೆರಡು ಬೆರಳು ಕೆಳಗೆ ಕೂರಬೇಕು. ನೋಡೋಣ ಅಂತ ಒಮ್ಮೆ ಜುಲೈಯಲ್ಲಿ ಹೋಗಿದ್ದೆ. ಬಲೆ ರಿಪೇರಿ ಮಾಡುತ್ತಿದ್ದ ಒಬ್ಬರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ ಐಸ್ ಇಲ್ಲ, ಡೀಸೆಲ್ ಇಲ್ಲ, ಮೀನಿಲ್ಲ. ಬೋಟು ಖಾಲಿ ಉಂಟು, ಅದು ಮೇಲೆಯೇ ನಿಲ್ತದೆ" ಅಂದರು.