ಇನ್ನೊಂದು ಪ್ಲೇಟ್ ಹಾಕಿದರೆ ಸಾಕಾ?

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ, ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಅಣ್ಣಾ, ಹಿಂದೆ ಇನ್ನೊಂದು ಪ್ಲೇಟ್ ಹಾಕಿಬಿಡಿ. ಗಟ್ಟಿಯಾಗ್ಲಿ." ಕೊಯ್ಲಾದ ಗದ್ದೆ ಒಣಗಿ, ಅಲ್ಲಲ್ಲಿ ಆಟೋಕ್ರಾಸ್‌ಗೆ, ಅಂದರೆ ಮಣ್ಣಿನ ಮೇಲಿನ ಕಾರು ಓಟಕ್ಕೆ, ಟ್ರ್ಯಾಕ್ ಮಾಡುವ ಕಾಲ ಅದು. ವರ್ಷವಿಡೀ ಅಡಿಕೆ ಮೂಟೆ ಹೊತ್ತ ಜಿಪ್ಸಿ, ಅಪ್ಪ ಓಡಿಸಿ ಬಿಟ್ಟ ಎಸ್ಟೀಮ್, ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಎಲ್ಲವೂ ರ‍್ಯಾಲಿ ಕಾರುಗಳಾಗುತ್ತವೆ. ದೊಡ್ಡ ತಂಡಗಳ ಹತ್ತಿರ ಇರುವ ದುಡ್ಡು ಇವರ ಹತ್ತಿರ ಇಲ್ಲ. ಇರುವುದು ಒಂದು ವೆಲ್ಡಿಂಗ್ ಮಷಿನ್, ಒಬ್ಬ ಒಳ್ಳೆ ಮೆಕ್ಯಾನಿಕ್, ಬೇಕಾದಷ್ಟು ಹುಮ್ಮಸ್ಸು.

ಪ್ಲೇಟ್ ಅಂದರೆ ಹಿಂದಿನ ಸ್ಪ್ರಿಂಗ್ ಕಟ್ಟಿನಲ್ಲಿ ಒಂದರ ಮೇಲೊಂದು ಜೋಡಿಸುವ ಉಕ್ಕಿನ ಪಟ್ಟಿ. ಅದನ್ನು ಕೇಳುವವನ ಕಷ್ಟ ಸುಳ್ಳಲ್ಲ. ಹಾರಿ ಬಿದ್ದಾಗ ಹಿಂಭಾಗ ದಡ್ ಅಂತ ಕೂರುತ್ತದೆ. ಒಳಗಿರುವವನ ಸೊಂಟ ಹಿಡಿದುಕೊಳ್ಳುತ್ತದೆ. ಒಂದೆರಡು ರ‍್ಯಾಲಿ ಆಗುವುದರೊಳಗೆ ಶಾಕ್ ಅಬ್ಸಾರ್ಬರ್ ಕೂರುವ ಬ್ರ್ಯಾಕೆಟ್ ಬಿರುಕು ಬಿಟ್ಟಿರುತ್ತದೆ. ಆದರೆ ಸ್ಪ್ರಿಂಗನ್ನು ಬಿಗಿ ಮಾಡುವುದು ಬೇರೆ, ಹಿಂಭಾಗ ಬಾಳಿಕೆ ಬರುವಂತೆ ಮಾಡುವುದು ಬೇರೆ. ಎಷ್ಟೋ ಸಲ ಮೊದಲನೆಯ ಕೆಲಸವೇ ಎರಡನೆಯದನ್ನು ಕೆಡಿಸುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಟನ್ ತೂಗುವ ಸಣ್ಣ ಕಾರು. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮುಂದೆ ಇರುವುದರಿಂದ ಹಿಂದಿನ ಎರಡು ಚಕ್ರಗಳ ಮೇಲೆ ಇರುವುದು ಸುಮಾರು 400 ಕೆಜಿ. ತೋಟದ ರಸ್ತೆಗಳಲ್ಲಿ ಮಳೆನೀರು ರಸ್ತೆಯುದ್ದಕ್ಕೂ ಹರಿಯದಿರಲಿ ಅಂತ ಅಡ್ಡಕ್ಕೆ ದಿಣ್ಣೆ ಹಾಕಿ ಚರಂಡಿ ತೆಗೆದಿರುತ್ತಾರಲ್ಲ, ಅಂಥದ್ದರ ಮೇಲಿಂದ ಹಾರಿ ಕಾರಿನ ಹಿಂಭಾಗ 30 ಸೆಂಟಿಮೀಟರ್ ಕೆಳಗೆ ಬಿತ್ತು ಎನ್ನಿ. ಚಕ್ರ ನೆಲ ಮುಟ್ಟುವಾಗ ಕೆಳಮುಖದ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಇದನ್ನು ಸೊನ್ನೆಗೆ ಇಳಿಸಲೇಬೇಕು. ಎಷ್ಟು ದೂರದಲ್ಲಿ ಇಳಿಸುತ್ತೀರಿ ಅನ್ನುವುದೇ ಪ್ರಶ್ನೆ. ಸಸ್ಪೆನ್ಷನ್ 15 ಸೆಂಟಿಮೀಟರ್ ಕುಸಿಯುತ್ತಾ ಇಳಿಸಿದರೆ ಸರಾಸರಿ ಬಲ ಆ 400 ಕೆಜಿಯ ಮೂರು ಪಟ್ಟು, ಅಂದರೆ 1,200 ಕೆಜಿ ಹೇರಿದಷ್ಟು. ಕುಸಿಯಲು 3 ಸೆಂಟಿಮೀಟರ್ ಜಾಗ ಮಾತ್ರ ಉಳಿದಿದ್ದರೆ ಅದು ಹನ್ನೊಂದು ಪಟ್ಟು: 4,400 ಕೆಜಿ. ಕಾರು ಅದೇ, ದಿಣ್ಣೆ ಅದೇ, ಬಿದ್ದ ಎತ್ತರವೂ ಅದೇ.

ಹಾಗಾಗಿ ಹಿಂಭಾಗ ಮುರಿಯಬಾರದು ಅಂದರೆ ಮೊದಲು ಬೇಕಾದ್ದು ಚಕ್ರ ಮೇಲೆ ಕೆಳಗೆ ಓಡಾಡಲು ಜಾಗ. ನೋಡಲು ಚೆಂದ ಅಂತ ಕಾರನ್ನು ತಗ್ಗಿಸುವ ಚಟ ರ‍್ಯಾಲಿಗೆ ಆಗಿಬರುವುದಿಲ್ಲ. ಸುರುಳಿ ತಂತಿಯ ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದಂತೂ ಎರಡು ಕಡೆ ನಷ್ಟ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತದೆ, ಜೊತೆಗೆ ಕುಸಿಯುವ ಜಾಗವೂ ಹೋಗುತ್ತದೆ. ಬದಲಿಗೆ ಗಮನ ಕೊಡಬೇಕಾದ್ದು ಯಾರೂ ತಿರುಗಿ ನೋಡದ ಒಂದು ತುಂಡಿಗೆ: ಬಂಪ್ ಸ್ಟಾಪ್, ಅಂದರೆ ಸಸ್ಪೆನ್ಷನ್ ಪೂರ್ತಿ ಕುಸಿದಾಗ ಕೊನೆಯಲ್ಲಿ ತಡೆಯುವ ಮೆತ್ತೆ. ಹಳೆ ಕಾರುಗಳಲ್ಲಿ ಅದು ಒಣಗಿ ಕಲ್ಲಾಗಿರುತ್ತದೆ, ಇಲ್ಲವೇ ಎಲ್ಲೋ ಉದುರಿ ಹೋಗಿರುತ್ತದೆ. ಪಾಲಿಯುರಿಥೇನ್ ಫೋಮಿನ ಉದ್ದನೆಯ ಸ್ಟಾಪ್ ಹಾಕಿದರೆ ಕೊನೆಯ ಕೆಲವು ಸೆಂಟಿಮೀಟರ್‌ಗಳಲ್ಲಿ ಅದು ಮೆಲ್ಲಗೆ ಬಿಗಿಯಾಗುತ್ತಾ ಬರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವುದು ತಪ್ಪುತ್ತದೆ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿಗೆ ಜಾಸ್ತಿ ಲಾಭ ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಸ್ಪ್ರಿಂಗ್ ಸ್ವಲ್ಪ ಬಿಗಿಯಾಗಬೇಕು, ಅದರಲ್ಲಿ ತಕರಾರಿಲ್ಲ. ರೋಲ್ ಕೇಜ್ (ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಕೊಳವೆಗಳ ಚೌಕಟ್ಟು), ಸ್ಟೆಪ್ನಿ, ಜಾಕ್, ಸಾಮಾನು ಎಲ್ಲ ಸೇರಿ ಹಿಂದೆ ಭಾರ ಏರಿರುತ್ತದೆ. ಆದರೆ ಎಷ್ಟು? ಐದು ಒಂದೇ ಥರದ ಪ್ಲೇಟುಗಳಿರುವ ಕಟ್ಟಿಗೆ ಅಂಥದ್ದೇ ಆರನೆಯದು ಸೇರಿಸಿದರೆ ಬಿಗಿ ಸುಮಾರು 20% ಏರುತ್ತದೆ. ಪ್ಲೇಟುಗಳ ಸಂಖ್ಯೆ ಅಷ್ಟೇ ಇಟ್ಟು, 6 ಮಿಲಿಮೀಟರ್ ದಪ್ಪದ ಬದಲು 7 ಮಿಲಿಮೀಟರ್‌ನವು ಹಾಕಿದರೆ? ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಸುಮಾರು 59% ಜಾಸ್ತಿ. ಕಾಯಿಲ್ ಸ್ಪ್ರಿಂಗ್ ಇನ್ನೂ ಸೂಕ್ಷ್ಮ. ಅಲ್ಲಿ ತಂತಿಯ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತದೆ. 10 ಮಿಲಿಮೀಟರ್ ತಂತಿ 11 ಆದರೆ ಬಿಗಿ 46% ಏರುತ್ತದೆ. ಕಣ್ಣಿಗೆ ಗೊತ್ತೇ ಆಗದ ಒಂದು ಮಿಲಿಮೀಟರ್, ಓಡಿಸಿದಾಗ ಕಾರೇ ಬೇರೆ. ಗುಜರಿಯಲ್ಲಿ ಸಿಕ್ಕ ಯಾವುದೋ ವ್ಯಾನಿನ ಸ್ಪ್ರಿಂಗನ್ನು ಕಣ್ಣಳತೆಯಲ್ಲಿ ತಂದು ಕೂರಿಸಿದರೆ ಏನಾಗಬಹುದು ಅಂತ ಇದರಿಂದಲೇ ಊಹಿಸಬಹುದು.

ಹಿಂದಿನ ಸಸ್ಪೆನ್ಷನ್ ಎಲ್ಲ ಕಾರುಗಳಲ್ಲಿ ಒಂದೇ ಥರ ಇಲ್ಲ ಅನ್ನುವುದನ್ನೂ ಮರೆಯಬಾರದು. 1983ರ ಮೊದಲ ಮಾರುತಿ 800ರಲ್ಲಿ ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಪ್ಲೇಟ್ ಕಟ್ಟು ಇತ್ತು, 1986ರ ಮಾದರಿಯಲ್ಲಿ ಕಾಯಿಲ್ ಬಂತು. ಜಿಪ್ಸಿಗೆ ನಾಲ್ಕೂ ಕಡೆ ಲೀಫ್. ಎಸ್ಟೀಮ್‌ಗೆ ಹಿಂದೆಯೂ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಲ್ಲಿ. ಸ್ವಿಫ್ಟ್, ಪೋಲೋಗಳಲ್ಲಿ ಇರುವುದು ಟ್ವಿಸ್ಟ್ ಬೀಮ್. ತಮಾಷೆ ಇರುವುದು ಈ ಕೊನೆಯದರಲ್ಲಿ.

1974ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜೊತೆ ಹೆಸರಾದ ಈ ಏರ್ಪಾಡು ತುಂಬ ಸರಳ. ಎರಡು ಚಕ್ರಗಳಿಗೆ ಎರಡು ತೋಳು, ಅವೆರಡನ್ನೂ ಜೋಡಿಸುವ ಒಂದು ಅಡ್ಡ ಬೀಮ್. ಕಾರಿನ ಕೆಳಗೆ ಮಲಗಿ ನೋಡಿದರೆ ಆ ಬೀಮ್ ಪೂರ್ತಿ ಕೊಳವೆ ಆಗಿಲ್ಲ ಅನ್ನುವುದು ಕಾಣುತ್ತದೆ. ಸಾಮಾನ್ಯವಾಗಿ ಅದರ ಒಂದು ಮಗ್ಗುಲು ತೆರೆದಿರುತ್ತದೆ, ದೋಣಿಯಂತೆ. "ಅಯ್ಯೋ, ಕಂಪನಿಯವರು ಕಬ್ಬಿಣ ಉಳಿಸಿದ್ದಾರೆ" ಅಂತ ಅನ್ನಿಸುವುದು ಸಹಜ. ತೆರೆದ ಬದಿಗೆ ಉದ್ದಕ್ಕೂ ಒಂದು ಪ್ಲೇಟ್ ಇಟ್ಟು ವೆಲ್ಡ್ ಮಾಡಿ ಮುಚ್ಚಿದರೆ ಗಟ್ಟಿಯಾಯಿತಲ್ಲ?

ಆಗುತ್ತದೆ, ಬೇಡವಾದಷ್ಟು. 80 ಮಿಲಿಮೀಟರ್‌ನ ಮೂರು ಬದಿ, 5 ಮಿಲಿಮೀಟರ್ ದಪ್ಪದ ತೆರೆದ ಬೀಮ್ ಅಂದುಕೊಳ್ಳಿ. ಅದನ್ನು ತಿರುಚಲು ಬೇಕಾದ ಬಲಕ್ಕೂ, ನಾಲ್ಕನೇ ಬದಿ ಮುಚ್ಚಿದ ಮೇಲೆ ಅಷ್ಟೇ ತಿರುಚಲು ಬೇಕಾದ ಬಲಕ್ಕೂ ಲೆಕ್ಕದ ಪ್ರಕಾರ 250 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ನಂಬಿಕೆ ಬರದಿದ್ದರೆ ಕ್ಯಾಲೆಂಡರ್ ಸುತ್ತಿಡುವ ರಟ್ಟಿನ ಕೊಳವೆಯನ್ನು ಎರಡೂ ತುದಿ ಹಿಡಿದು ತಿರುಚಿ ನೋಡಿ. ಜಪ್ಪಯ್ಯ ಅನ್ನುವುದಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಒಂದು ಸೀಳು ಹಾಕಿ ಮತ್ತೆ ತಿರುಚಿ. ಮಗು ಕೂಡ ತಿರುಚುತ್ತದೆ.

ಬೀಮ್ ತೆರೆದಿರುವುದು ಇದಕ್ಕೇ. ಎಡಚಕ್ರ ಕಲ್ಲು ಹತ್ತಿದಾಗ ಬಲಚಕ್ರ ನೆಲದಲ್ಲೇ ಉಳಿಯಬೇಕಾದರೆ ನಡುವಿನ ಬೀಮ್ ತಿರುಚಿಕೊಳ್ಳಬೇಕು. ಮೇಲೆ ಕೆಳಗೆ ಬಾಗಬಾರದು, ತಿರುಚಿಕೊಳ್ಳಲು ಮಾತ್ರ ಬಿಡಬೇಕು. ಅದನ್ನು ಮುಚ್ಚಿದರೆ ಎರಡೂ ಚಕ್ರ ಒಂದೇ ತುಂಡಾದಂತೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಟ್ಟು ಏಳುತ್ತದೆ, ಹಿಂಭಾಗ ಸರ‍್ರನೆ ಹೊರಗೆ ಜಾರುತ್ತದೆ. ಮುಂದಿನ ಚಕ್ರ ಎಳೆಯುವ ಕಾರು ಬೇಗ ತಿರುಗಲಿ ಅಂತ ಪಳಗಿದ ಚಾಲಕರು ಹಿಂದಿನ ಬಿಗಿಯನ್ನು ಬೇಕಂತಲೇ ಏರಿಸುವುದುಂಟು. ಆದರೆ ಅವರು ಏರಿಸುವುದು ಅಳೆದು ಸುರಿದು. ಇನ್ನೂರು ಪಟ್ಟು ಯಾರೂ ಏರಿಸುವುದಿಲ್ಲ. ಮೇಲಾಗಿ, ಬೀಮ್ ತಿರುಚಿಕೊಳ್ಳದಿದ್ದರೆ ಆ ಬಲ ಮಾಯವಾಗುವುದಿಲ್ಲ. ಬೀಮ್ ಮತ್ತು ತೋಳು ಸೇರುವ ಮೂಲೆಗೆ ಹೋಗಿ ಕೂರುತ್ತದೆ. ಬಿರುಕು ಶುರುವಾಗುವುದು ಅಲ್ಲೇ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಜನರಿಗೆ ಇನ್ನೊಂದು ಗೊಂದಲ ಇದೆ. ಹೊಡೆತ ತಿನ್ನುವುದು ಅದೇ ಅಂತ ಹೆಸರು ಹೇಳುತ್ತದೆ, ಆದರೆ ಹೊಡೆತದ ಹೆಚ್ಚಿನ ಪಾಲನ್ನು ಮೊದಲು ಹಿಡಿದಿಟ್ಟುಕೊಳ್ಳುವುದು ಸ್ಪ್ರಿಂಗ್. ಹಿಡಿದದ್ದನ್ನು ಅದು ವಾಪಸ್ ಕೊಡುತ್ತದೆ, ಕಾರನ್ನು ಮೇಲಕ್ಕೆ ಒದೆಯುತ್ತದೆ. ಆ ಒದೆತವನ್ನು ಶಾಖವಾಗಿ ಕರಗಿಸುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಸ್ಪ್ರಿಂಗ್ ಮಾತ್ರ 46% ಬಿಗಿ ಮಾಡಿ ಹಳೆ ಶಾಕನ್ನೇ ಉಳಿಸಿಕೊಂಡರೆ ಕುಣಿತ ಜಾಸ್ತಿಯಾಗುತ್ತದೆ. ಬಿದ್ದ ಕಾರು ಮತ್ತೆ ಎದ್ದು, ಮುಂದಿನ ತಿರುವಿಗೆ ಬ್ರೇಕ್ ಒತ್ತುವಾಗ ಹಿಂಚಕ್ರ ನೆಲದ ಮೇಲೇ ಇರುವುದಿಲ್ಲ.

ಮಾಮೂಲಿ ಶಾಕ್‌ನ ಇನ್ನೊಂದು ತೊಂದರೆ ಎಣ್ಣೆ ನೊರೆಯಾಗುವುದು. ಒಳಗೆ ಎಣ್ಣೆಯ ಜೊತೆ ಗಾಳಿಯೂ ಇರುತ್ತದೆ. ಒರಟು ರಸ್ತೆಯಲ್ಲಿ ಒಂದೇ ಸಮ ಕಡೆದರೆ ಎರಡೂ ಬೆರೆಯುತ್ತವೆ, ಎಣ್ಣೆ ಕಷ್ಟಪಟ್ಟು ದಾಟಬೇಕಾದ ಸಣ್ಣ ರಂಧ್ರದಲ್ಲಿ ನೊರೆ ನುಗ್ಗುತ್ತದೆ, ತಡೆಯೇ ಇರುವುದಿಲ್ಲ. ಜೊತೆಗೆ ಎಣ್ಣೆ ಕಾದು ತೆಳ್ಳಗಾಗುತ್ತದೆ. ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೋನ್ 1950ರ ದಶಕದಲ್ಲಿ ಇದಕ್ಕೆ ಒಂದು ಉಪಾಯ ತಂದರು. ಒಂದೇ ಕೊಳವೆ, ತೇಲುವ ಪಿಸ್ಟನ್ನಿನ ಆಚೆ ಒತ್ತಡದಲ್ಲಿ ತುಂಬಿದ ಅನಿಲ. ಆ ಒತ್ತಡ ಎಣ್ಣೆಯನ್ನು ಸದಾ ಅದುಮಿ ಹಿಡಿದಿರುವುದರಿಂದ ಗುಳ್ಳೆ ಏಳುವುದಿಲ್ಲ, ಆ ಒಂದೇ ಕೊಳವೆಗೆ ಹೊರಗಿನ ಗಾಳಿ ನೇರ ತಾಗಿ ಶಾಖವೂ ಬೇಗ ಹೋಗುತ್ತದೆ. ಇವತ್ತು ರ‍್ಯಾಲಿಗೆ ಸಿಗುವ ಒಳ್ಳೆ ಶಾಕ್‌ಗಳೆಲ್ಲ ಹೆಚ್ಚುಕಮ್ಮಿ ಇದೇ ಜಾತಿ. ದುಬಾರಿ, ನಿಜ. ಆದರೆ ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಸ್ಪ್ರಿಂಗ್ ಬಿಟ್ಟು ಶಾಕ್‌ಗೆ ಹಾಕಿ ಅಂತಲೇ ನಾನು ಹೇಳುವುದು.

ಇನ್ನು ಮುರಿಯುವ ಕಥೆ. ಜಿಪ್ಸಿಯ ಪ್ಲೇಟ್ ಕಟ್ಟಿನ ನಡುವೆ ತೂರಿರುವ ಸೆಂಟರ್ ಬೋಲ್ಟ್ ತುಂಡಾದಾಗ ಅದನ್ನು ಬಿಸಾಡಬೇಡಿ, ಒರೆಸಿ ಬೆಳಕಿಗೆ ಹಿಡಿಯಿರಿ. ಮುರಿದ ಮುಖದಲ್ಲಿ ಎರಡು ಭಾಗ ಕಾಣುತ್ತವೆ. ಒಂದು ಕಡೆ ನುಣ್ಣಗೆ, ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವ ಗೆರೆಗಳಂತೆ ಸಾಲು ಸಾಲು ಬಾಗಿದ ಗುರುತು. ಇನ್ನೊಂದು ಕಡೆ ಒರಟೊರಟು, ಹರಳು ಹರಳು. ನುಣ್ಣಗಿರುವುದು ದಿನಗಟ್ಟಲೆ ಮೆಲ್ಲಗೆ ಹರಿದುಕೊಂಡು ಬಂದ ಭಾಗ. ಒರಟಾದದ್ದು ಕೊನೆಯ ಏಟಿಗೆ ಪಟ್ ಅಂದದ್ದು. ನುಣುಪು ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ದಿಣ್ಣೆಯನ್ನು ಬೈದು ಪ್ರಯೋಜನವಿಲ್ಲ. ಬೋಲ್ಟ್ ಬಹಳ ಹಿಂದೆಯೇ ಸಾಯಲು ಶುರುಮಾಡಿತ್ತು. ಕಾರಣ ಹೆಚ್ಚಾಗಿ ಸಡಿಲಾದ ಯು ಬೋಲ್ಟ್. ಆಕ್ಸಲ್ಲನ್ನು ಪ್ಲೇಟಿಗೆ ಅಮುಕಿ ಹಿಡಿಯಬೇಕಾದ್ದು ಅದು. ಅದು ಸಡಿಲಾದರೆ ಬರೀ ಜಾಗ ಗುರುತಿಸಲು ಇಟ್ಟ ಸೆಂಟರ್ ಬೋಲ್ಟ್ ಇಡೀ ಆಕ್ಸಲ್ಲಿನ ತಳ್ಳಾಟ ಹೊರಬೇಕಾಗುತ್ತದೆ.

ಲೋಹ ಹೀಗೆ ದಣಿದು ಮುರಿಯುತ್ತದೆ ಅಂತ ಜನ ಗಂಭೀರವಾಗಿ ಯೋಚಿಸಲು ಶುರು ಮಾಡಿದ್ದು ರೈಲಿನಿಂದ. 1842ರಲ್ಲಿ ಫ್ರಾನ್ಸಿನಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು (ಆಕ್ಸಲ್) ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸಿ ಪರೀಕ್ಷೆ ಮಾಡಿ, ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವೂ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ ಎಂದು ತೋರಿಸಿದರು. ವೆಲ್ಡ್ ಮಾಡಿದ ಜಾಗಕ್ಕೆ ಒಂದು ಸ್ಥೂಲ ಲೆಕ್ಕ ಇದೆ: ಆಯಸ್ಸು ಒತ್ತಡದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಒತ್ತಡ 20% ಏರಿದರೆ ಆಯಸ್ಸು 40% ಹೋಯಿತು. ಎರಡು ಪಟ್ಟಾದರೆ ಉಳಿಯುವುದು ಎಂಟನೇ ಒಂದು ಪಾಲು.

ಇದಕ್ಕೇ ಬ್ರ್ಯಾಕೆಟ್ ಗಟ್ಟಿ ಮಾಡುವಾಗ ಕೈ ಹಿಡಿತ ಬೇಕು. ಕಾರಿನ ಬಾಡಿಯ ತಗಡು ಒಂದು ಮಿಲಿಮೀಟರ್ ಆಸುಪಾಸು. ಅದರ ಮೇಲೆ 6 ಮಿಲಿಮೀಟರ್ ಪ್ಲೇಟ್ ಬಡಿದರೆ ಪ್ಲೇಟಿಗೆ ಏನೂ ಆಗುವುದಿಲ್ಲ. ಪ್ಲೇಟಿನ ಅಂಚಿಗೆ ಸರಿಯಾಗಿ ತಗಡು ಹರಿಯುತ್ತದೆ, ಚೀಟಿ ಹರಿದ ಹಾಗೆ ನೀಟಾಗಿ. 1.5 ಅಥವಾ 2 ಮಿಲಿಮೀಟರ್ ಶೀಟನ್ನು ಅಗಲಕ್ಕೆ ಹರಡಿ, ಮೂಲೆಗಳನ್ನು ದುಂಡಗೆ ಮಾಡಿ, ತುದಿಯ ಕಡೆ ಕ್ರಮೇಣ ಕಿರಿದಾಗಿಸಿ ಬಿಟ್ಟರೆ ಭಾರ ಮೆಲ್ಲಗೆ ತಗಡಿಗೆ ದಾಟುತ್ತದೆ. ಸ್ಪ್ರಿಂಗ್ ಪ್ಲೇಟಿಗಂತೂ ವೆಲ್ಡಿಂಗ್ ಸೋಕಿಸಲೇಬಾರದು. ಅದು 0.5ರಿಂದ 0.6% ಇಂಗಾಲ ಇರುವ, ಕಾಯಿಸಿ ಎಣ್ಣೆಗೆ ಅದ್ದಿ ಮತ್ತೆ ಹದವಾಗಿ ಕಾಯಿಸಿದ ಉಕ್ಕು. ವೆಲ್ಡಿಂಗ್ ಕಾವಿಗೆ ಆ ಹದ ಕೆಟ್ಟು ಆ ಜಾಗ ಗಾಜಿನಷ್ಟು ಪೆಡಸಾಗುತ್ತದೆ. ಭದ್ರಾವತಿ ಕಾರ್ಖಾನೆಯ ಪಕ್ಕದ ಊರಲ್ಲಿ ಇದ್ದುಕೊಂಡು ಉಕ್ಕಿನ ಹದದ ಬಗ್ಗೆ ಇಷ್ಟು ಉದಾಸೀನ ಒಳ್ಳೆಯದಲ್ಲ ಬಿಡಿ.

ಗಟ್ಟಿ ಮಾಡುವ ಭರದಲ್ಲಿ ಆಕ್ಸಲ್ ಭಾರ ಏರಿಸಬಾರದು ಅನ್ನುವುದೂ ಇದೆ. ಅಲೆ ಅಲೆಯಾಗಿ ಎದ್ದ ಮಣ್ಣುರಸ್ತೆಯಲ್ಲಿ ಅಲೆಗಳ ನಡುವೆ 70 ಸೆಂಟಿಮೀಟರ್ ಇದ್ದು ಕಾರು ಗಂಟೆಗೆ 36 ಕಿಲೋಮೀಟರ್ ಹೋಗುತ್ತಿದ್ದರೆ, ಚಕ್ರಕ್ಕೆ ಸೆಕೆಂಡಿಗೆ ಸುಮಾರು 14 ಏಟು ಬೀಳುತ್ತದೆ. ಟೈರಿನ ಮೇಲೆ ಚಕ್ರ ತಾನಾಗಿ ಕುಪ್ಪಳಿಸುವ ಲಯವೂ ಸೆಕೆಂಡಿಗೆ 10ರಿಂದ 15. ಎರಡೂ ಕೂಡಿದರೆ ಚಕ್ರ ಅರ್ಧ ಹೊತ್ತು ಗಾಳಿಯಲ್ಲಿರುತ್ತದೆ. ಅದು ಭಾರವಾದಷ್ಟೂ ಹಿಡಿದು ನಿಲ್ಲಿಸಲು ಶಾಕ್ ಒದ್ದಾಡುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ರಸ್ತೆ ಕಾರನ್ನು ಮಾರ್ಪಡಿಸುವಂತಿಲ್ಲ. ರ‍್ಯಾಲಿಯಲ್ಲೂ ಯಾವ ವರ್ಗಕ್ಕೆ ಯಾವ ಬದಲಾವಣೆ ನಡೆಯುತ್ತದೆ ಅಂತ ನಿಯಮ ಇರುತ್ತದೆ. ಓಟಕ್ಕೆ ಮೊದಲು ಕಾರು ತಪಾಸಣೆ ಆಗುತ್ತದೆ. ದುಡ್ಡು ಸುರಿಯುವ ಮುಂಚೆ ಅದನ್ನು ಓದಿಕೊಳ್ಳುವುದು ಲೇಸು.

ಓಟ ಮುಗಿದ ಮೇಲೆ ಕಾರಿನ ಅಡಿ ತೊಳೆಯದೆ ಬಿಡಬೇಡಿ. ನಮ್ಮ ಕೆಮ್ಮಣ್ಣು ಒಣಗಿದರೆ ಬಿರುಕನ್ನು ಪೂರ್ತಿ ಮುಚ್ಚಿಬಿಡುತ್ತದೆ. ತೊಳೆದು ಒಣಗಿಸಿ, ಕೆಂಪು ಬಣ್ಣದ ಪೆನಿಟ್ರೆಂಟ್ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿ ಡೆವಲಪರ್ ಹಾಕಿದರೆ ಕೂದಲೆಳೆಯ ಬಿರುಕೂ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಶಾಕ್‌ನ ಮೇಲಿನ ಬ್ರ್ಯಾಕೆಟ್, ಬೀಮಿನ ಮೂಲೆಗಳು, ಪ್ಲೇಟ್ ಕಟ್ಟಿನ ತುದಿಯನ್ನು ಕಾರಿಗೆ ಹಿಡಿದಿರುವ ಹ್ಯಾಂಗರ್, ಈ ಮೂರು ಕಡೆ ನೋಡಿದರೆ ಹೆಚ್ಚಿನ ಸುದ್ದಿ ಸಿಗುತ್ತದೆ. ತಗಡಿನಲ್ಲಿ ಬಿರುಕು ಕಂಡರೆ ಅದರ ಮೇಲೆ ಹಾಗೇ ವೆಲ್ಡ್ ಎಳೆಯಬೇಡಿ. ಬಿರುಕಿನ ತುದಿ ಎಲ್ಲಿದೆ ನೋಡಿ, ಅಲ್ಲಿ ಸಣ್ಣ ದುಂಡು ತೂತು ಕೊರೆದು ಅದರ ಓಟ ನಿಲ್ಲಿಸಿ, ಗೆರೆಯನ್ನು ಗ್ರೈಂಡರ್‌ನಲ್ಲಿ ತೋಡಿ, ಆಮೇಲೆ ತುಂಬಿ. ಹೊಸ ಯು ಬೋಲ್ಟ್ ಹಾಕಿದ್ದರೆ ಮೊದಲ ಓಟ ಆದ ಕೂಡಲೇ ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿದು ಇನ್ನೊಂದು ಸಲ ಬಿಗಿ ಮಾಡಿ. ಪ್ಲೇಟುಗಳು ಒಂದರ ಮೇಲೊಂದು ಕೂತುಕೊಂಡಂತೆ ನಟ್ಟು ಸಡಿಲಾಗಿಯೇ ಆಗುತ್ತದೆ.