ಡೇಟಾ ಲಾಗರ್: ನೋಡುವ ವೇಗ ಬೇರೆ, ಬರೆಯುವ ವೇಗ ಬೇರೆ

ಒಂದು ಆರ್ಡುಯಿನೊ ಊನೊ (ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್), ಎಸ್‌ಡಿ ಕಾರ್ಡ್ ಮಾಡ್ಯೂಲ್, ಡಿಎಸ್3231 ಗಡಿಯಾರದ ಮಾಡ್ಯೂಲ್, ಜೊತೆಗೆ ಒಂದೆರಡು ಸೆನ್ಸರ್. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಡೇಟಾ ಲಾಗರ್, ಅಂದರೆ ಸೆನ್ಸರ್ ರೀಡಿಂಗನ್ನು ಹೊತ್ತಿನ ಜೊತೆ ಬರೆದಿಡುವ ಸಾಧನ, ಹೆಚ್ಚಾಗಿ ಇಷ್ಟೇ. ವೈರಿಂಗ್ ಬೇಗ ಮುಗಿಯುತ್ತದೆ. ಎಷ್ಟು ಹೊತ್ತಿಗೊಂದು ರೀಡಿಂಗ್ ತಗೋಬೇಕು, ಅದನ್ನು ಎಲ್ಲಿ ಉಳಿಸಬೇಕು ಅನ್ನೋದನ್ನು ಮಾತ್ರ ಹೆಚ್ಚಿನವರು ಕೊನೆಗೆ ಬಿಡುತ್ತಾರೆ. ಆಮೇಲೆ ಸುಮ್ನೆ ಸೆಕೆಂಡಿಗೊಂದು ಅಂತ ಹಾಕಿಬಿಡುತ್ತಾರೆ. ಇದನ್ನೇ ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಯಾವ ಸೆನ್ಸರ್, ಯಾವ ಮೆಮೊರಿ, ಯಾವ ಬೋರ್ಡ್ ಅನ್ನೋದೆಲ್ಲ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಸೆನ್ಸರನ್ನು ಎಷ್ಟು ಸಲ ನೋಡುತ್ತೇವೆ ಅನ್ನೋದು ಒಂದು ಪ್ರಶ್ನೆ. ಎಷ್ಟು ಸಲ ಮೆಮೊರಿಗೆ ಬರೆಯುತ್ತೇವೆ ಅನ್ನೋದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಂಡರೆ ಕಷ್ಟ ಶುರು.

ಮನೆಯ ಲೈನಿನಲ್ಲಿ ಹರಿಯುವ ಕರೆಂಟನ್ನು ಅಳೆಯಬೇಕು ಅಂದುಕೊಳ್ಳಿ. ನಮ್ಮಲ್ಲಿ ಅದರ ಅಲೆ ಸೆಕೆಂಡಿಗೆ 50 ಸಲ ಏರಿ ಇಳಿಯುತ್ತದೆ. ಸರಿಯಾಗಿ ಸೆಕೆಂಡಿಗೆ 50 ಸಲ ನೋಡಿದರೆ ಪ್ರತಿ ಸಲವೂ ಅಲೆಯ ಅದೇ ಜಾಗ ಸಿಗುತ್ತದೆ. ಗ್ರಾಫಿನಲ್ಲಿ ಬರೀ ನೇರ ಗೆರೆ ಬರುತ್ತದೆ. 49 ಸಲ ನೋಡಿದರೆ ಇನ್ನೂ ಅಪಾಯ: ಸೆಕೆಂಡಿಗೆ ಒಂದು ಸಲ ಏರಿಳಿಯುವ ಅಲೆಯೊಂದು ಕಾಣಿಸುತ್ತದೆ, ಆದರೆ ಅಂಥ ಅಲೆ ಅಲ್ಲಿ ಇಲ್ಲವೇ ಇಲ್ಲ. ನೈಕ್ವಿಸ್ಟ್ ನಿಯಮದ ಪ್ರಕಾರ ಅಲೆಯ ವೇಗದ ಎರಡು ಪಟ್ಟಿಗಿಂತ, ಅಂದರೆ ಇಲ್ಲಿ 100ಕ್ಕಿಂತ ಜಾಸ್ತಿ ಸಲ ನೋಡಲೇಬೇಕು. ಅಲೆಯ ಆಕಾರ ಚೆನ್ನಾಗಿ ಸಿಗಬೇಕಾದರೆ ಸೆಕೆಂಡಿಗೆ 1000 ಇಟ್ಟುಕೊಳ್ಳಿ, ಆಗ ಒಂದು ಅಲೆಗೆ 20 ರೀಡಿಂಗ್ ಆಯ್ತು.

ಹಾಗಂತ ಅಷ್ಟನ್ನೂ ಬರೆಯಬೇಕಾ? ಬೇಡ. ಸೆಕೆಂಡಿನ 1000 ರೀಡಿಂಗ್‌ಗಳನ್ನು ವರ್ಗ ಮಾಡಿ ಕೂಡಿಸಿ, ಸರಾಸರಿ ತೆಗೆದಿಡಿ. ನಿಮಿಷ ಆದಾಗ ಆ 60 ಸರಾಸರಿಗಳಿಂದ ಒಂದು ಆರ್‌ಎಂಎಸ್ ಬೆಲೆ (ವರ್ಗಗಳ ಸರಾಸರಿಯ ವರ್ಗಮೂಲ) ಲೆಕ್ಕ ಹಾಕಿ ಅದನ್ನು ಬರೆಯಿರಿ. ಇಡೀ ನಿಮಿಷದ ವರ್ಗಗಳನ್ನು ಒಂದೇ ಸಲ ಕೂಡಿಸಲು ಹೋದರೆ 32 ಬಿಟ್‌ನ ಸಂಖ್ಯೆ ತುಂಬಿ ಹರಿಯಬಹುದು, ಅದಕ್ಕೇ ಸೆಕೆಂಡಿನ ಹಂತ. ಸರಾಸರಿಯ ಜೊತೆಗೆ ಆ ನಿಮಿಷದ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಬೆಲೆಯನ್ನೂ ಬರೆದಿಡಿ. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಒಳಗೆ ಇರಬೇಕು ಅಲ್ವಾ? ಬಾಗಿಲು ತೆರೆದಾಗ ಐದು ನಿಮಿಷ 11 ಡಿಗ್ರಿಗೆ ಹೋಗಿದ್ದರೆ ಗಂಟೆಯ ಸರಾಸರಿಯಲ್ಲಿ ಅದು ಕಾಣೋದೇ ಇಲ್ಲ.

ಇನ್ನು ಸೆನ್ಸರಿನ ಮಿತಿ. ಡಿಎಚ್‌ಟಿ22 (ತಾಪಮಾನ, ತೇವಾಂಶದ ಸೆನ್ಸರ್) ಎರಡು ಸೆಕೆಂಡಿಗೊಂದು ರೀಡಿಂಗ್ ಮಾತ್ರ ಕೊಡುತ್ತದೆ. ತಾಪಮಾನ ಸೆನ್ಸರ್ ಡಿಎಸ್18ಬಿ20 ತನ್ನ 12 ಬಿಟ್ ಸೆಟ್ಟಿಂಗ್‌ನಲ್ಲಿ ಒಂದು ರೀಡಿಂಗ್‌ಗೆ 750 ಮಿಲಿಸೆಕೆಂಡ್ ತನಕ ತಗೊಳ್ಳುತ್ತದೆ. 9 ಬಿಟ್‌ಗೆ ಇಳಿಸಿದರೆ 94 ಮಿಲಿಸೆಕೆಂಡ್ ಸಾಕು, ಆದರೆ ಅರ್ಧ ಡಿಗ್ರಿಗಿಂತ ಸಣ್ಣ ಬದಲಾವಣೆ ಗೊತ್ತಾಗದು. ಊನೊದ ಅನಲಾಗ್ ಪಿನ್ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 9,600 ಸಲ ಓದಬಲ್ಲದು. ಮಳೆಮಾಪಕದ ಕತೆಯೇ ಬೇರೆ. ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದಾಗ ಒಂದು ಪಲ್ಸ್ ಬರುತ್ತದೆ. ಅದನ್ನು ಇಂಟರಪ್ಟ್‌ನಲ್ಲಿ (ಪಲ್ಸ್ ಬಂದ ಕೂಡಲೇ ಬೇರೆ ಕೆಲಸ ನಿಲ್ಲಿಸಿ ಓಡುವ ಪುಟ್ಟ ಕೋಡ್) ಎಣಿಸಿ, ಆಗಾಗ ಮೊತ್ತ ಬರೆದರಾಯ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯ್ತಿ ಮಟ್ಟದ ಮಳೆಮಾಪಕಗಳಲ್ಲಿ ಈ ಅವಧಿ 15 ನಿಮಿಷ.

ಈಗ ಜಾಗದ ಲೆಕ್ಕ. ಫೈಲಿನ ಒಂದು ಸಾಲು (ದಿನಾಂಕ, ಸಮಯ, ತಾಪಮಾನ, ತೇವಾಂಶ) ಹೀಗಿರುತ್ತದೆ ಅನ್ನಿ:

2025-07-14,16:30:00,27.4,82

ಇದು 27 ಅಕ್ಷರ. ಸಾಲು ಮುಗಿಸುವ ಎರಡು ಗುಪ್ತ ಅಕ್ಷರ ಸೇರಿದರೆ 29 ಬೈಟ್. ಸೆಕೆಂಡಿಗೊಂದು ಸಾಲು ಬರೆದರೆ ದಿನಕ್ಕೆ 86,400 ಸಾಲು, ಅಂದರೆ ಸುಮಾರು 25 ಲಕ್ಷ ಬೈಟ್. ವರ್ಷಕ್ಕೆ ಒಂದು ಜಿಬಿಗಿಂತ ಕಡಿಮೆಯೇ. 4 ಜಿಬಿ ಕಾರ್ಡ್ ಕೂಡ ನಾಲ್ಕು ವರ್ಷ ಬರುತ್ತದೆ. ಹಾಗಾಗಿ ಕಾರ್ಡ್ ತುಂಬುತ್ತದೆ ಅನ್ನೋ ಭಯ ಬೇಡ. ಅದಕ್ಕಿಂತ ಮೊದಲು ತುಂಬೋದು ಎಕ್ಸೆಲ್: ಒಂದು ಶೀಟಿನಲ್ಲಿ 10,48,576 ಸಾಲು ಮಾತ್ರ ಹಿಡಿಯುತ್ತದೆ, ಈ ವೇಗದಲ್ಲಿ 12 ದಿನಕ್ಕೆ ಮುಗಿಯಿತು. ದಿನಕ್ಕೊಂದು ಫೈಲ್ ಮಾಡಿ. ಆರ್ಡುಯಿನೊ ಜೊತೆಗೆ ಬರುವ ಎಸ್‌ಡಿ ಲೈಬ್ರರಿಯಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ ಸಿಗುತ್ತದೆ. 20250714 ಅಂತ ಇಟ್ಟರೆ ಸರಿಯಾಗಿ ಎಂಟು.

ಕಾರ್ಡ್ ಬೇಡ, ಊನೊದ ಒಳಗಿನ ಇಇಪ್ರಾಮ್ (ಪವರ್ ಹೋದರೂ ಅಳಿಯದ ಮೆಮೊರಿ) ಸಾಕು ಅಂದರೆ ಲೆಕ್ಕ ಬಿಗಿಯಾಗುತ್ತದೆ. ಅಲ್ಲಿರೋದು 1024 ಬೈಟ್. ಮೇಲಿನಂಥ ಸಾಲು 35 ಹಿಡಿಸುತ್ತದೆ, ಅಷ್ಟೇ. ಆದರೆ ತಾಪಮಾನ ಮಾತ್ರ ಇಟ್ಟುಕೊಂಡು, 27.4 ಅನ್ನು 274 ಅಂತ ಎರಡು ಬೈಟ್‌ನಲ್ಲಿ ಬರೆಯಿರಿ. ಅಂತರ ಹತ್ತು ನಿಮಿಷ ಅಂತ ಗೊತ್ತಿರೋದರಿಂದ ಪ್ರತಿ ರೀಡಿಂಗ್‌ಗೂ ಸಮಯ ಬೇಕಿಲ್ಲ, ಶುರುವಾದ ಹೊತ್ತು ಒಂದನ್ನು ಇಟ್ಟರೆ ಸಾಕು. ಈಗ 500ಕ್ಕೂ ಜಾಸ್ತಿ ರೀಡಿಂಗ್ ಹಿಡಿಯುತ್ತದೆ, ಮೂರೂವರೆ ದಿನದಷ್ಟು! ಒಂದು ಎಚ್ಚರ: ಇಇಪ್ರಾಮ್‌ನ ಒಂದೊಂದು ಜಾಗಕ್ಕೂ ಒಂದು ಲಕ್ಷ ಸಲ ಬರೆಯುವ ಆಯುಷ್ಯ. ಒಂದೇ ಜಾಗಕ್ಕೆ ಸೆಕೆಂಡಿಗೊಮ್ಮೆ ಬರೆಯುತ್ತಾ ಹೋದರೆ 28 ಗಂಟೆಯಲ್ಲಿ ಆ ಲೆಕ್ಕ ಮುಗಿಯುತ್ತದೆ.

ಕಾರ್ಡಿನ ನಿಜವಾದ ತೊಂದರೆ ಇರೋದು ಬರೆಯುವ ರೀತಿಯಲ್ಲಿ. ಕಾರ್ಡ್ 512 ಬೈಟ್‌ನ ಬ್ಲಾಕ್‌ಗಳಲ್ಲಿ ಬರೆಯುತ್ತದೆ. ನೀವು ಪ್ರಿಂಟ್ ಮಾಡಿದ ಸಾಲು ಮೊದಲು ಊನೊದ ರಾಮ್‌ನಲ್ಲಿ ಕೂತಿರುತ್ತದೆ. 512 ತುಂಬಿದ ಮೇಲೆ ಕಾರ್ಡಿಗೆ ಹೋಗುತ್ತದೆ. ಹೋದರೂ ಫೈಲ್ ಇಷ್ಟು ಉದ್ದ ಅನ್ನುವ ದಾಖಲೆ ಬದಲಾಗೋದು ಫ್ಲಶ್ (ಉಳಿದದ್ದನ್ನೆಲ್ಲ ಕಾರ್ಡಿಗೆ ಬರೆಸುವ ಆಜ್ಞೆ) ಅಥವಾ ಕ್ಲೋಸ್ ಮಾಡಿದಾಗಲೇ. ಮಧ್ಯೆ ಕರೆಂಟ್ ಹೋದರೆ? ಫ್ಲಶ್ ಒಂದು ಸಲವೂ ಮಾಡಿರದಿದ್ದರೆ ಕಂಪ್ಯೂಟರಿನಲ್ಲಿ ಫೈಲಿನ ಗಾತ್ರ ಸೊನ್ನೆ ಅಂತ ಬರುತ್ತದೆ. ಇಡೀ ದಿನದ ಕೆಲಸ ಕಣ್ಣಿಗೇ ಕಾಣದು. ಹತ್ತು ನಿಮಿಷಕ್ಕೊಂದು ಸಾಲು ಬರೆಯೋದಾದರೆ ಪ್ರತಿ ಸಾಲಿಗೂ ಫ್ಲಶ್ ಮಾಡಿ, ಹೊರೆಯೇ ಅಲ್ಲ. ಸೆಕೆಂಡಿಗೊಂದಾದರೆ ನಿಮಿಷಕ್ಕೊಮ್ಮೆ ಸಾಕು, ಕಳೆದುಕೊಂಡರೂ ಒಂದು ನಿಮಿಷದ್ದು.

ಕಂಪನದಂಥ ವಿಷಯದಲ್ಲಿ ಸೆಕೆಂಡಿನ 1000 ರೀಡಿಂಗ್‌ಗಳನ್ನೂ ಬರೆಯಲೇಬೇಕಾಗಬಹುದು. ಆಗ ಅಕ್ಷರಗಳಲ್ಲಿ ಬರೆಯಬೇಡಿ, ಎರಡೆರಡು ಬೈಟ್‌ನ ಬೈನರಿ ಇರಲಿ. ಸೆಕೆಂಡಿಗೆ 2000 ಬೈಟ್ ಆಯ್ತು. ಕಾರ್ಡ್ ಸರಾಸರಿಯಲ್ಲಿ ಇದಕ್ಕಿಂತ ಎಷ್ಟೋ ವೇಗ. ಆದರೆ ನಡುನಡುವೆ ತನ್ನ ಒಳಗಿನ ಕೆಲಸಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ 250 ಮಿಲಿಸೆಕೆಂಡ್ ತನಕ. ಅಷ್ಟು ಹೊತ್ತಿನಲ್ಲಿ ಬಂದ 500 ಬೈಟ್ ಎಲ್ಲೋ ಕಾಯಬೇಕು. ಅದಕ್ಕೆ ರಾಮ್‌ನಲ್ಲಿ 512 ಬೈಟ್‌ನ ಎರಡು ಬಫರ್ (ಡೇಟಾ ಕಾಯುವ ಜಾಗ) ಇಡುತ್ತಾರೆ: ಟೈಮರ್ ಇಂಟರಪ್ಟ್ ಒಂದನ್ನು ತುಂಬುತ್ತಿರುವಾಗ ಇನ್ನೊಂದು ಕಾರ್ಡಿಗೆ ಹೋಗುತ್ತಿರುತ್ತದೆ. ಊನೊದಲ್ಲಿ ಇರೋದೇ 2048 ಬೈಟ್ ರಾಮ್. ಎರಡು ಬಫರ್, ಲೈಬ್ರರಿಯ 512 ಎಲ್ಲ ಹೋದರೆ ಉಳಿದ ಪ್ರೋಗ್ರಾಮಿಗೆ 512. ಉಸಿರುಗಟ್ಟುವಷ್ಟು ಇಕ್ಕಟ್ಟು. ಇದಕ್ಕಿಂತ ವೇಗ ಬೇಕಾದರೆ ಇಎಸ್‌ಪಿ32ಕ್ಕೆ ಹೋಗೋದೇ ಸರಿ, ಆ ಬೋರ್ಡಿನಲ್ಲಿ 520 ಕೆಬಿ ರಾಮ್ ಇದೆ.

ವೇಗ ಸೆಟ್ ಮಾಡುವಾಗ ಡಿಲೇ 1000 (1000 ಮಿಲಿಸೆಕೆಂಡ್ ಕಾಯಿ) ಅಂತ ಬರೆಯೋದು ಎಲ್ಲರಿಗೂ ರೂಢಿ. ಓದಿ ಬರೆಯಲು 30 ಮಿಲಿಸೆಕೆಂಡ್ ಹಿಡಿದರೆ ನಿಜವಾದ ಅಂತರ 1.03 ಸೆಕೆಂಡ್. ದಿನದ ಕೊನೆಗೆ 2,500 ಸಾಲು ಕಮ್ಮಿ. ಬದಲಿಗೆ ಮಿಲಿಸ್ (ಬೋರ್ಡ್ ಆನ್ ಆದಾಗಿಂದ ಕಳೆದ ಮಿಲಿಸೆಕೆಂಡ್‌ಗಳ ಎಣಿಕೆ) ನೋಡಿ, ಮುಂದಿನ ಹೊತ್ತಿಗೆ ಪ್ರತಿ ಸಲ 1000 ಕೂಡಿಸುತ್ತಾ ಹೋಗಿ. ದಿನಾಂಕ, ಸಮಯ ಡಿಎಸ್3231ರಿಂದಲೇ ಬರಲಿ, ಅದು ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುತ್ತದೆ.

ತೋಟಕ್ಕೋ ಲ್ಯಾಬಿಗೋ ಒಯ್ಯುವ ಮುಂಚೆ ಮೇಜಿನ ಮೇಲೆಯೇ ಒಂದು ದಿನ ಓಡಿಸಿ. ನಿಮಿಷಕ್ಕೊಂದು ಸಾಲು ಅಂತ ಇಟ್ಟಿದ್ದರೆ ಫೈಲಿನಲ್ಲಿ 1,440 ಸಾಲು ಇರಬೇಕು. ಮಾರನೆ ದಿನ ಬೇಕಂತಲೇ ನಡುವೆ ಪವರ್ ಕಿತ್ತು, ಮತ್ತೆ ಹಾಕಿ. ಕೊನೆಯ ಸಾಲಿನ ಹೊತ್ತು, ನೀವು ಕಿತ್ತ ಹೊತ್ತು, ಎರಡನ್ನೂ ಹೋಲಿಸಿ. ಪವರ್ ಬಂದ ಮೇಲೆ ಹಳೆಯ ಫೈಲಿನ ಕೊನೆಗೇ ಹೊಸ ಸಾಲು ಸೇರುತ್ತಿದೆಯಾ ಅನ್ನೋದನ್ನೂ ತೆರೆದು ನೋಡಿ.