ಸೊಪ್ಪು ತಿಂತೀವಲ್ಲ, ಫೋಲಿಕ್ ಮಾತ್ರೆ ಯಾಕೆ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ನಮ್ಮ ಮನೆಯಲ್ಲಿ ಸೊಪ್ಪು, ತರಕಾರಿಗೆ ಕೊರತೆ ಇಲ್ಲ. ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭಿಣಿ ಅಂತ ಗೊತ್ತಾದ ಮೇಲೆ ಶುರು ಮಾಡಿದರೆ ಸಾಲದಾ?
– ಓದುಗರು, ಪೊನ್ನಂಪೇಟೆ

ಸಾಲದು. ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮಗುವಿನ ಮೆದುಳು, ಬೆನ್ನುಹುರಿ ಎರಡೂ ಶುರುವಾಗುವುದು ಒಂದು ಚಪ್ಪಟೆ ಪದರದಿಂದ. ಅದು ಮಡಚಿಕೊಂಡು ಕೊಳವೆಯಾಗುತ್ತದೆ. ಇದೇ ನರಕೊಳವೆ. ಗರ್ಭ ನಿಂತ 28 ದಿನಗಳ ಒಳಗೆ ಅದು ಪೂರ್ತಿ ಮುಚ್ಚಬೇಕು. ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು. ಅಂದರೆ ಮುಟ್ಟು ತಪ್ಪಿ ಹೆಚ್ಚುಕಮ್ಮಿ ಎರಡು ವಾರ. 'ಈ ಸಲ ಸ್ವಲ್ಪ ಮುಂದೆ ಹೋಗಿದೆ' ಅಂದುಕೊಂಡು ಸುಮ್ನೆ ಇರುವ ದಿನಗಳು ಅವು. ಕೆಳಗಡೆ ಮುಚ್ಚದಿದ್ದರೆ ಬೆನ್ನ ಮೇಲೆ ಚೀಲದಂಥ ಗಂಟು, ಕಾಲಲ್ಲಿ ಬಲ ಇಲ್ಲ, ಮೂತ್ರದ ಹಿಡಿತ ಇಲ್ಲ. ಇದಕ್ಕೆ ಸ್ಪೈನಾ ಬೈಫಿಡಾ ಎನ್ನುತ್ತಾರೆ. ಮೇಲ್ಗಡೆ ಮುಚ್ಚದಿದ್ದರೆ ತಲೆಬುರುಡೆಯೇ ಸರಿಯಾಗಿ ಬೆಳೆಯುವುದಿಲ್ಲ. ಆ ಮಗು ಉಳಿಯುವುದಿಲ್ಲ.

ಅಪರೂಪ ಅಲ್ವಾ ಎಂದರೆ, ನಾವು ಅಂದುಕೊಂಡಷ್ಟಲ್ಲ. ಭಾರತದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸಾವಿರ ಹೆರಿಗೆಗೆ ಸುಮಾರು 4 ಎಂದು ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ಕಂಡು ಗರ್ಭ ತೆಗೆಸಿದ್ದು ಜನನದ ಲೆಕ್ಕಕ್ಕೇ ಬರುವುದಿಲ್ಲ. ಉಳಿದ ಮಗುವಿಗೆ ಬೆನ್ನಿನ ಆಪರೇಷನ್, ತಲೆಯಲ್ಲಿ ನೀರು ತುಂಬಿದರೆ ಅದನ್ನು ಹರಿಸಲು ಶಂಟ್ ಎಂಬ ಕೊಳವೆ, ಆಮೇಲೆ ವರ್ಷಗಟ್ಟಲೆ ಓಡಾಟ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ತೋಟದ ಕೂಲಿಕಾರರ ಲೈನ್ ಮನೆಯ ತಾಯಿಗೆ ಪ್ರತಿ ಸಲವೂ ಬಸ್ ಚಾರ್ಜಿನ ಜೊತೆ ಎರಡು ದಿನದ ಕೂಲಿಯೂ ಹೋಗುತ್ತದೆ.

ಸೊಪ್ಪಿನಲ್ಲಿ ಫೋಲೇಟ್, ಅಂದರೆ ಫೋಲಿಕ್ ಆಸಿಡ್‌ನ ಸಹಜ ರೂಪ, ಇರುವುದು ನಿಜ. ಆದರೆ ಅದು ನೀರಿನಲ್ಲಿ ಕರಗುತ್ತದೆ, ಜಾಸ್ತಿ ಬೇಯಿಸಿದರೆ ಹಾಳಾಗುತ್ತದೆ. ಬಸಿದ ನೀರು ಚೆಲ್ಲಿದರೆ ಅದರ ಜೊತೆಗೇ ಹೋಯಿತು. ದೇಹ ಅದನ್ನು ಹೀರಿಕೊಳ್ಳುವುದೂ ಮಾತ್ರೆಗಿಂತ ಕಡಿಮೆ. ರೇಷನ್ನಿನ ಸಾರವರ್ಧಿತ ಅಕ್ಕಿ ಇದೆಯಲ್ಲ ಅನ್ನಬಹುದು. ನಿಯಮದ ಪ್ರಕಾರ ಅದರಲ್ಲಿ ಕೆಜಿಗೆ 75ರಿಂದ 125 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರಬೇಕು. ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ, ಒಟ್ಟಿ (ಅಕ್ಕಿ ರೊಟ್ಟಿ) ತಿಂದರೂ 40 ದಾಟುವುದಿಲ್ಲ. ಬೇಕಾಗಿರುವುದು 400.

ಆದ್ದರಿಂದ ಲಗ್ನಪತ್ರಿಕೆ ಹಂಚುವಾಗಲೇ ಶುರು ಮಾಡಿ. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ, ದಿನಾ 400 ಮೈಕ್ರೊಗ್ರಾಂ. ನಮ್ಮ ಕೊಡಗಿನಲ್ಲಿ ಕಕ್ಕಡ (ಆಟಿ) ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪು ತಿಂದರೆ ಮಾರನೇ ದಿನ ಮೂತ್ರ ಕೆಂಪಾಗಿ ಗುರುತು ಸಿಗುತ್ತದೆ. ಈ ಮಾತ್ರೆ ಯಾವ ಗುರುತೂ ಕೊಡುವುದಿಲ್ಲ, ಅದಕ್ಕೇ ಜನ ನಡುವೆ ಬಿಟ್ಟುಬಿಡುತ್ತಾರೆ.

ಮೆಡಿಕಲ್ ಶಾಪಿನಲ್ಲಿ ಸುಮ್ನೆ 'ಫೋಲಿಕ್' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು 5 ಮಿಲಿಗ್ರಾಮಿನದು, ಅಂದರೆ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಅಷ್ಟು ಪ್ರಮಾಣ ಬೇಕಾಗುವುದು ಮೊದಲೊಂದು ಮಗುವಿಗೆ ಈ ತೊಂದರೆ ಆಗಿದ್ದವರಿಗೆ. 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅಂಥ ತಾಯಂದಿರಿಗೆ 4 ಮಿಲಿಗ್ರಾಂ ಕೊಟ್ಟಾಗ ತೊಂದರೆ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಮದುವೆಗೆ ಮೊದಲೇ ಡಾಕ್ಟರಿಗೆ ಹೇಳಿ. ಫಿಟ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.